ಮಾಗಿಯಲ್ಲಿ ಮಾಗಿದ ಬಿಯರು

ಮಾಗಿ ಅಂದರೆ ಚಳಿಗಾಲ. ಮಾಗುವುದು ಅಂದರೆ ಹದಕ್ಕೆ ಬರುವುದು. ಕನ್ನಡದ ಈ ಎರಡು ಮಾತು ಒಂದೇ ಸೀಸೆಯಲ್ಲಿ ಸೇರುವುದನ್ನು ನೋಡಬೇಕಾದರೆ ಬಿಯರಿನ ಚರಿತ್ರೆಗೇ ಹೋಗಬೇಕು. ಬಿಯರು ಎಂದ ಕೂಡಲೇ ಹುಬ್ಬು ಗಂಟಿಕ್ಕುವ ಓದುಗರಿದ್ದಾರೆ, ನನಗೆ ಗೊತ್ತು. ಕಾಂದಿವಲಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಇವತ್ತಿಗೂ ಅದು ಬಾಯಿಬಿಟ್ಟು ಆಡುವ ಮಾತಲ್ಲ. ಆದರೆ ನಾವು ಊರು ಬಿಟ್ಟು ಮುಂಬಯಿಯಲ್ಲಿ ನೆಲೆ ನಿಂತ ಕಥೆಯಿಂದ ಆ ಸೀಸೆಯನ್ನು ತೆಗೆದಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವನು ನಾನು. ಹಾಗಾಗಿ ಈ ಬರಹ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ, ಜಮೀನುದಾರರ ಮನೆಗಳಲ್ಲಿ 'ಅಕ್ಟೋಬರ್ ಬಿಯರ್' ಅಂತ ಒಂದಿತ್ತು. ಹೊಸ ಬಾರ್ಲಿ, ಹೊಸ ಹಾಪ್ಸ್ ಹೂವು ಕೈಗೆ ಬರುವ ಕಾಲ ಅದು. ತಂಪು ಮಾಡುವ ಯಂತ್ರಗಳಿಲ್ಲದ ದಿನಗಳಲ್ಲಿ ಬೇಸಿಗೆಯಲ್ಲಿ ಮಾಡಿದ ಬಿಯರು ಬೇಗ ಹುಳಿಯಾಗಿ ಕೆಡುತ್ತಿತ್ತು. ಚಳಿಯಲ್ಲಾದರೆ ಹುದುಗು ನಿಧಾನವಾಗಿ, ಶಿಸ್ತಿನಿಂದ ಕೆಲಸ ಮಾಡುತ್ತಿತ್ತು. ಧಾನ್ಯ ಹೆಚ್ಚು ಹಾಕಿ ಗಟ್ಟಿಯಾಗಿ ಮಾಡಿದ ಈ ಬಿಯರನ್ನು ಮರದ ಪೀಪಾಯಿಯಲ್ಲಿ ಒಂದೆರಡು ವರ್ಷ ಇಟ್ಟು ಆಮೇಲೆ ಕುಡಿಯುತ್ತಿದ್ದರು. ಮನೆಗೆ ವಾರಸುದಾರ ಹುಟ್ಟಿದ ವರ್ಷ ಒಂದು ಪೀಪಾಯಿ ತುಂಬಿ ಮುಚ್ಚಿ, ಅವನಿಗೆ 21 ತುಂಬಿದ ದಿನ ತೆರೆಯುವ ಪದ್ಧತಿಯೂ ಇತ್ತು. ಮಗಳು ಹುಟ್ಟಿದ ವಾರದಲ್ಲೇ ಅವಳ ಮದುವೆಗೆಂದು ಠೇವಣಿ ಇಡಲು ಬಂದ ತಂದೆಯರನ್ನು ನಾನು ಕೌಂಟರಿನಲ್ಲಿ ಎಷ್ಟೋ ಮಂದಿ ಕಂಡಿದ್ದೇನೆ. ಲೆಕ್ಕ ಅದೇ, ಸರಕು ಬೇರೆ.

ಈ ಚಳಿಗಾಲದ ಗಟ್ಟಿ ಬಿಯರು ಕಡಲು ದಾಟಿ ನಮ್ಮ ಕಡೆಗೂ ಬಂತು. ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಮನೆತನದ ಬ್ರೂವರಿ, ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಗೆ ಹತ್ತಿರವೇ ಇತ್ತು. ಹಡಗಿನ ಕಪ್ತಾನರಿಗೆ ಅವರು 18 ತಿಂಗಳವರೆಗೂ ಉದ್ದರಿ ಕೊಡುತ್ತಿದ್ದರು. ವ್ಯಾಪಾರ ಕುದುರಿದ್ದರಲ್ಲಿ ರುಚಿಯ ಪಾಲು ಎಷ್ಟೋ, ಆ ಉದ್ದರಿಯ ಪಾಲೂ ಅಷ್ಟೇ ಅಂತ ಬ್ಯಾಂಕಿನವನಾದ ನಾನು ಹೇಳುತ್ತೇನೆ. ಗುಡ್ ಹೋಪ್ ಭೂಶಿರ ಸುತ್ತಿ ಮುಂಬಯಿಗೆ ಬರಲು ನಾಲ್ಕರಿಂದ ಆರು ತಿಂಗಳು. ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಸೆಕೆಗೆ ಕಾದು, ತೆರೆಗೆ ಕುಲುಕಿ, ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಬರುವ ಹದ ಆ ಪ್ರಯಾಣದಲ್ಲೇ ಬಂದುಬಿಡುತ್ತಿತ್ತು. 1822ರ ಸುಮಾರಿಗೆ ಬರ್ಟನ್ ಊರಿನ ಆಲ್‌ಸಾಪ್ ಕೂಡ ಈ ಪೈಪೋಟಿಗೆ ಇಳಿದ. ಭಾರತಕ್ಕಾಗಿಯೇ ಒಬ್ಬ ಜಾಣ ಈ ಬಿಯರನ್ನು ಕಂಡುಹಿಡಿದ ಅಂತ ಕಥೆ ಹೇಳುವುದುಂಟು, ಅದು ಸರಿಯಲ್ಲ. ಇದ್ದ ಬಿಯರೇ ಊರು ಬಿಟ್ಟು ದೂರ ಬಂತು, ಬಂದದ್ದರಿಂದ ಬೇರೆಯಾಯಿತು. ಊರು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಬ್ರಿಟಿಷರು ಬಿಯರನ್ನು ಇಲ್ಲೇ ಮಾಡತೊಡಗಿದಾಗಲೂ ಚಳಿಯನ್ನು ಹುಡುಕಿಕೊಂಡೇ ಹೋದರು. ಕಸೌಲಿ, ಸೋಲನ್, ನೀಲಗಿರಿ, ಆಮೇಲೆ ಬೆಂಗಳೂರು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವ ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಸೈನ್ಯದ ಠಾಣ್ಯಗಳಿಗೆ ಹೋಗುತ್ತಿದ್ದವು. 1947ರಲ್ಲಿ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದವರು ನಮ್ಮ ಕರಾವಳಿ ಮೂಲದ ವಿಠ್ಠಲ ಮಲ್ಯ.

ಇತ್ತ ಮುಂಬಯಿಯಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. 1949ರ ಮದ್ಯನಿಷೇಧ ಕಾಯ್ದೆಯ ಪ್ರಕಾರ 1950ರಿಂದ ಇಡೀ ಮುಂಬಯಿ ಪ್ರಾಂತದಲ್ಲಿ ಮದ್ಯ ಬಂದ್. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಇದೇ ಪ್ರಾಂತದಲ್ಲಿದ್ದವು. 1951ರಲ್ಲಿ ಸುಪ್ರೀಂ ಕೋರ್ಟು ಕೆಲವು ಕಲಮುಗಳನ್ನು ತೆಗೆದುಹಾಕಿ ಉಳಿದದ್ದನ್ನು ಎತ್ತಿಹಿಡಿಯಿತು. 1960ರ ದಶಕದಲ್ಲಿ ನಿಷೇಧ ಸಡಿಲವಾಯಿತು, ಕಾಯ್ದೆ ಮಾತ್ರ ಉಳಿಯಿತು. ಕುಡಿಯಲು ಪರ್ಮಿಟ್ ಬೇಕು, ಮತ್ತು ಆ ಪರ್ಮಿಟ್ ಕೊಡುವುದು 'ಆರೋಗ್ಯ ಕಾಪಾಡಿಕೊಳ್ಳುವುದಕ್ಕೆ'! ಬಿಯರಿಗೆ 21 ವರ್ಷ, ಗಟ್ಟಿ ಮದ್ಯಕ್ಕೆ 25. ಕಾಗದದ ಪ್ರಕಾರ ನೋಡಿದರೆ ಒಂದು ಸೀಸೆ ಉಡುಗೊರೆ ಕೊಡುವವನಿಗೂ ತಗೊಳ್ಳುವವನಿಗೂ ಪರ್ಮಿಟ್ ಇರಬೇಕು. 'ಪರ್ಮಿಟ್ ರೂಮ್' ಎಂಬ ಫಲಕ ಹುಟ್ಟಿದ್ದು ಹೀಗೆ.

ಆ ಫಲಕದ ಹಿಂದೆ ಗಲ್ಲಾದಲ್ಲಿ ಕೂತವರು, ತಟ್ಟೆ ಹಿಡಿದು ಓಡಾಡಿದವರು ಬಹಳ ಮಂದಿ ನಮ್ಮ ಕಡೆಯವರೇ. ಕಾಂದಿವಲಿಯ ಶಾಖೆಯಲ್ಲಿ ನಾನಿದ್ದಾಗ ಕಾರ್ಕಳ, ಕುಂದಾಪುರದ ಹುಡುಗರು ಮಧ್ಯಾಹ್ನ ಮೂರರ ಬಿಡುವಿನಲ್ಲಿ ಊರಿಗೆ ಡ್ರಾಫ್ಟ್ ಮಾಡಿಸಲು ಬರುತ್ತಿದ್ದರು. ಫಾರ್ಮಿನಲ್ಲಿ ಉದ್ಯೋಗದ ಜಾಗದಲ್ಲಿ 'ಹೋಟೆಲ್' ಅಂತ ಬರೆಯುತ್ತಿದ್ದರು. ಅಷ್ಟೇ. ಊರಿನ ಕಾಗದದಲ್ಲೂ ಅದೇ ಒಂದು ಮಾತು. ಆ ದುಡ್ಡಿನಲ್ಲಿ ತಂಗಿಯರ ಮದುವೆಯಾಯಿತು, ಗದ್ದೆ ಬಿಡಿಸಿಕೊಂಡರು, ದೈವಸ್ಥಾನಕ್ಕೆ ಹೆಂಚು ಹೊದಿಸಿದರು, ಯಕ್ಷಗಾನದ ಮೇಳಗಳನ್ನು ಮುಂಬಯಿಗೆ ಕರೆಸಿದರು. ಸೀಸೆಯ ಹೆಸರು ಮಾತ್ರ ಯಾವ ರಸೀದಿಯಲ್ಲೂ ಇಲ್ಲ.

ಹಾಗೆ ಬಂದ ಹುಡುಗರಲ್ಲೊಬ್ಬರು ಮುಂದೆ ಸ್ವಂತ ಪರ್ಮಿಟ್ ರೂಮ್ ಮಾಡಿದರು. ಹೆಸರು ಬೇಡ. ನಲವತ್ತು ವರ್ಷ ಬಿಯರು ಮಾರಿದ ಮನುಷ್ಯ ಒಂದು ಸೀಸೆಯನ್ನೂ ಮನೆಗೆ ತಂದವರಲ್ಲ, ಒಂದು ಗುಟುಕು ಕುಡಿದವರೂ ಅಲ್ಲ. ಮಗ ಎಂಜಿನಿಯರಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಗೆ ಬಿಯರು ಮಾಡಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಅಲ್ಲಿಯ ಸಣ್ಣ ಬ್ರೂವರಿಗಳ ಚಳುವಳಿಗೆ ಅದರಿಂದ ಬಲ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ 1975ರಿಂದ ಪ್ರತಿ ಕ್ರಿಸ್ಮಸ್ಸಿಗೆ ಹೊಸ ಪಾಕದ ಬಿಯರು ಮಾಡಿ, ಪ್ರತಿ ವರ್ಷ ಬೇರೆ ಮರದ ಚಿತ್ರ ಅಂಟಿಸಿ ಬಿಡುತ್ತಿತ್ತು. ಜನ ಒಂದನ್ನು ಕುಡಿದು ಒಂದನ್ನು ಎತ್ತಿಡುತ್ತಿದ್ದರು, ಸ್ನೇಹಿತರಿಗೆ ಹಂಚುತ್ತಿದ್ದರು. 2023ರಲ್ಲಿ ಆ ಬ್ರೂವರಿ ಬಾಗಿಲು ಹಾಕಿತು. ಎತ್ತಿಟ್ಟವರ ಸೀಸೆಗಳು ಉಳಿದವು.

ಆ ಊರಿನ ಗಾಳಿ ತಾಗಿದ ಮಗ ತನ್ನ ಗ್ಯಾರೇಜಿನಲ್ಲಿ ಬಾರ್ಲಿ ವೈನ್ ಎಂಬ ಗಟ್ಟಿ ಚಳಿಗಾಲದ ಬಿಯರು ಮಾಡಿದ. ಹೆಸರು ವೈನ್, ಜಾತಿ ಬಿಯರು. 2012ರ ಡಿಸೆಂಬರಿನಲ್ಲಿ ಎರಡು ಸೀಸೆ ತಂದು ಅಪ್ಪನ ಕೈಗಿಟ್ಟ. ಮೇಲೆ ಕೈಬರಹದಲ್ಲಿ ವರ್ಷ ಮತ್ತು ಅಪ್ಪನ ಹೆಸರು. ಅಪ್ಪ ಎರಡು ದಿನ ಮಾತಾಡಲಿಲ್ಲವಂತೆ. ಆಮೇಲೆ ನನ್ನ ಹತ್ತಿರ ಬಂದು ಕೇಳಿದರು: "ಇದನ್ನು ಎಷ್ಟು ವರ್ಷ ಇಡಬಹುದು, ಮಾರಾಯ್ರೆ?"

ನನಗೆ ಓದಿ ಗೊತ್ತಿದ್ದಷ್ಟು ಹೇಳಿದೆ. ಎಲ್ಲ ಬಿಯರೂ ಇಡಲು ಬರುವುದಿಲ್ಲ. ತೆಳು ಬಿಯರು, ಹಾಪ್ಸ್ ಘಮದ ಬಿಯರು ತಾಜಾ ಇದ್ದಾಗಲೇ ಕುಡಿಯಬೇಕು, ಇಟ್ಟರೆ ಸಪ್ಪೆ. ಕಪ್ಪಗೆ, ಗಟ್ಟಿಯಾಗಿ, ಶೇಕಡಾ 8ಕ್ಕಿಂತ ಹೆಚ್ಚು ಮದ್ಯಸಾರ ಇರುವುದು ಮಾಗುತ್ತದೆ. ಸೀಸೆ ನೆಟ್ಟಗೆ ನಿಲ್ಲಿಸಬೇಕು, ಬೆಳಕು ತಾಗಬಾರದು, ಒಂದೇ ತಂಪು ಇರಬೇಕು. ಕಾಂದಿವಲಿಯ ಚಳಿಯನ್ನು ನಂಬಬೇಡಿ. ನ್ಯಾಷನಲ್ ಪಾರ್ಕಿನ ಕಡೆಯಿಂದ ಜನವರಿಯಲ್ಲಿ ನಾಲ್ಕು ದಿನ ತಂಗಾಳಿ ಬೀಸಿದರೆ ಅದೇ ನಮ್ಮ ಮಾಗಿ. ಮೇ ತಿಂಗಳ ಸೆಕೆಗೆ ಸಿಕ್ಕ ಬಿಯರು ಒದ್ದೆ ರಟ್ಟಿನ ರುಚಿಗೆ ಬರುತ್ತದೆ. ಫ್ರಿಜ್ಜಿನ ಕೆಳಗಿನ ಮೂಲೆಯೇ ಇಲ್ಲಿ ನೆಲಮಾಳಿಗೆ. ಮಿಡಿ ಉಪ್ಪಿನಕಾಯಿಯ ಭರಣಿ ಕಾಯುವ ಮನೆಯವರಿಗೆ ಇದು ಕಷ್ಟವಲ್ಲ.

ಅವರ ಮನೆಯ ಫ್ರಿಜ್ಜಿನಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ, ಆ ಸೀಸೆಗಳು ಏಳು ವರ್ಷ ಕೂತವು. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 2009ರಲ್ಲಿ ಪುಣೆಯಲ್ಲಿ ಡೂಲಾಲಿ, 2010ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಟಾಯಿಟ್ ಶುರುವಾಗಿ, ಸ್ಥಳದಲ್ಲೇ ಮಾಡಿಕೊಡುವ ಬಿಯರಿಗೆ ಹೊಸ ತಲೆಮಾರು ಸಾಲುಗಟ್ಟಿತು. ಪೊಯಿಸರ್ ಕಡೆಯ ನಮ್ಮ ಮಂಗಳೂರು ಕ್ರಿಶ್ಚಿಯನ್ ನೆರೆಯವರು ಕ್ರಿಸ್ಮಸ್ಸಿಗೆ ಕುಸ್ವಾರ್ ತಟ್ಟೆಯ ಜೊತೆ ವರ್ಷವಿಡೀ ಮಾಗಿಸಿದ ಮನೆಯ ದ್ರಾಕ್ಷಿ ವೈನನ್ನು ಯಾವ ಸಂಕೋಚವೂ ಇಲ್ಲದೆ ಹಂಚುವುದನ್ನು ನಾವು ಮೊದಲಿನಿಂದ ನೋಡಿದವರೇ. ನಮ್ಮಲ್ಲಿ ಆ ಸಂಕೋಚ ಕರಗಲು ಮಗನೊಬ್ಬ ಬರಬೇಕಾಯಿತು.

2019ರ ಡಿಸೆಂಬರಿನಲ್ಲಿ ಅವರು ಪರ್ಮಿಟ್ ರೂಮ್ ಬೇರೆಯವರಿಗೆ ವಹಿಸಿಕೊಟ್ಟರು. ಆ ಸಂಜೆ ಮಗ, ನಾನು, ಅವರ ಹಳೆಯ ಅಡುಗೆಯವರು, ನಾಲ್ಕು ಸಣ್ಣ ಸ್ಟೀಲ್ ಲೋಟ. ಇಂಥ ಬಿಯರನ್ನು ಐಸಿನ ಹಾಗೆ ತಣ್ಣಗೆ ಕುಡಿಯಬಾರದು ಅಂತ ಅರ್ಧ ಗಂಟೆ ಹೊರಗಿಟ್ಟೆವು. ಕಂದು ಬಣ್ಣ, ಒಣದ್ರಾಕ್ಷಿಯ ವಾಸನೆ. ಅವರು ಒಂದು ಗುಟುಕು ಬಾಯಲ್ಲಿಟ್ಟು ಬಹಳ ಹೊತ್ತು ನುಂಗಲಿಲ್ಲ. "ಹಳೇ ಬೆಲ್ಲದ ರುಚಿ ಉಂಟಲ್ಲ" ಅಂದರು. ಆಮೇಲೆ ಮಗನ ಕಡೆ ತಿರುಗಿ, "ಇದು ನಿನ್ನ ಅಜ್ಜಿಗೆ ಗೊತ್ತಿರಲಿಲ್ಲ, ನಾನು ಏನು ಮಾರ್ತಿದ್ದೆ ಅಂತ" ಅಂದರು.

ಮಗ ಏನೂ ಹೇಳಲಿಲ್ಲ, ಲೋಟ ತುಂಬಿಸಿದ. ಎರಡನೆಯ ಸೀಸೆ ಇನ್ನೂ ಇದೆ. ಮೊಮ್ಮಗಳಿಗೆ 21 ತುಂಬಲಿ ಅಂತ ಇಟ್ಟಿದ್ದಾರೆ.