ಕೆರದ ಮ್ಯಾಲೆ ಯಾರ ಹೆಸರು?



ಶಾಲ್ಯಾಗ ನಾವು ಓದಿದ ಇತಿಹಾಸದಾಗ ರಾಜರ ಹೆಸರು ಸಾಕಷ್ಟು ಇದ್ದವು. ಆ ರಾಜರ ಕಾಲಿನ ಕೆರ ಹೊಲಿದವರ ಹೆಸರು ಇರಲಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆ ನಮ್ಮ ಹಿರಿಯರ ಬಾಯಾಗ ಉಳಿದಿದೆ. ಅವರ ನಂತರ ಹೊಲಿದವರು ಸಾವಿರಾರು ಮಂದಿ. ಅವರ ಹೆಸರು ಯಾರಿಗೆ ಗೊತ್ತು?

ಕೊಲ್ಹಾಪುರಿ ಚಪ್ಪಲಿಯನ್ನೇ ನೋಡ್ರಿ. ಹೆಸರು ಒಂದು ಊರಿಂದು, ದುಡಿಮೆ ಎರಡು ರಾಜ್ಯದ್ದು. ತೊಗಲು ಹದ ಮಾಡುವವರು ಢೋರರು, ಕೊಯ್ದು ಹೊಲಿಯುವವರು ಸಮಗಾರರು. ಹೆಣಿಗೆ ಹಾಕುವವರು ಹೆಚ್ಚಾಗಿ ಮನಿಯ ಹೆಣ್ಣುಮಕ್ಕಳು. 2019ರಲ್ಲಿ ಈ ಚಪ್ಪಲಿಗೆ ಜಿ.ಐ. ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ, ಸಾತಾರಾ ಮತ್ತು ಕರ್ನಾಟಕದ ಬೆಳಗಾವಿ, ವಿಜಯಪುರ, ಬಾಗಲಕೋಟ, ಧಾರವಾಡ ಅದರೊಳಗೆ ಬಂದವು. ಅಂದ್ರ ನಮ್ಮ ಜತ್ತ, ಅಕ್ಕಲಕೋಟಿನ ಜಿಲ್ಲೆಗಳೂ ಅದರಾಗ ಅದಾವು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಇದೇ ನಮೂನಿ ಚಪ್ಪಲಿ ಮೆಟ್ಟಿಸಿ ನಡಿಸಿತು. ಕೊಲ್ಹಾಪುರದ ಹೆಸರು ಹೇಳಲಿಲ್ಲ. ಗದ್ದಲ ಆದಮೇಲೆ ಇದು ಭಾರತದ ಕೈಕಸುಬಿನಿಂದ ಬಂದದ್ದು ಅಂತ ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್ ನಿಗಮಗಳ ಜೋಡಿ ಒಪ್ಪಂದ ಮಾಡಿಕೊಂಡಿತು. ಕೇಳಿದ್ದಕ್ಕೇ ಹೆಸರು ಸಿಕ್ಕಿತು.

ಹೆಸರು ಮರೆಸುವುದು ಒಂದು ಅನ್ಯಾಯ, ಹೆಸರನ್ನೇ ಬೈಗುಳ ಮಾಡುವುದು ಇನ್ನೊಂದು. ಉತ್ತರ ಭಾರತದಲ್ಲಿ 'ಚಮಾರ' ಅನ್ನೋ ಮಾತು ಹಂಗೇ ಆಗಿದೆ. ಅವಮಾನ ಮಾಡಲಿಕ್ಕೆ ಹಂಗ ಕರೆದರೆ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂಬೈ ಕಲಾವಿದ ಸುಧೀರ್ ರಾಜಭರ್ ಇದೇ ಹೆಸರನ್ನ ತಮ್ಮ ಅಂಗಡಿಗೆ ಇಟ್ಟರು: ಚಮಾರ್ ಸ್ಟುಡಿಯೋ. 2015ರಲ್ಲಿ ಮಹಾರಾಷ್ಟ್ರ ಸರಕಾರ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿದಾಗ ಧಾರಾವಿಯ ತೊಗಲಿನ ಕೆಲಸಗಾರರಿಗೆ ಪೆಟ್ಟು ಬಿತ್ತು. ಸುಧೀರ್ ಅವರ ಜೋಡಿ ಕೂತು, ಹಳೇ ಟೈರು ಟ್ಯೂಬುಗಳ ರಬ್ಬರಿನಿಂದ ತೊಗಲಿನಂಥ ಹಾಳೆ ಮಾಡಿಸಿ ಚೀಲ ಹೊಲಿಸಿದರು. ಆಮೇಲೆ ಕುರ್ಚಿಯನ್ನೂ ಮಾಡಿಸಿದರು. 2024ರಲ್ಲಿ ಆ ಕುರ್ಚಿಗಳು ಅಮೆರಿಕದ ಮಯಾಮಿ ಡಿಸೈನ್ ಪ್ರದರ್ಶನಕ್ಕೆ ಹೋದವು. ಬೈಗುಳ ಆಗಿದ್ದ ಹೆಸರನ್ನ ಈಗ ಶ್ರೀಮಂತರು ಹೆಗಲಿಗೆ ಹಾಕ್ಕೊಂಡು ತಿರಗತಾರ.

ಇದೇ ಕೆಲಸವನ್ನ ಸುಧಾರಕ ಓಲ್ವೆ ಕ್ಯಾಮೆರಾದಿಂದ ಮಾಡಿದರು. ಮುಂಬೈಯ ಗಟಾರ ಬಳಿಯುವ ಸಫಾಯಿ ಕಾರ್ಮಿಕರ ದುಡಿಮೆ, ಮನಿ, ಸಂಸಾರವನ್ನ ಫೋಟೋದಾಗ ತಂದರು. ಊರು ನೋಡಿದರೂ ನೋಡದಂಗ ಇದ್ದ ಮುಖಗಳು ಗೋಡೆ ಮ್ಯಾಲೆ ಬಂದವು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಗೆಳೆಯರೇ, ಅಜ್ಜನ ಕಸುಬನ್ನೇ ಮೊಮ್ಮಗ ಮಾಡಬೇಕು ಅಂತ ಇದರ ಅರ್ಥ ಅಲ್ಲ. ಜಾತಿ ಅಂದ್ರ ಕೆಲಸದ ವಿಂಗಡಣೆಯಷ್ಟೇ ಅಲ್ಲ, ಕೆಲಸಗಾರರನ್ನೇ ವಿಂಗಡಿಸಿದ್ದು ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟಾರ. ಕಸುಬು ಮಾಡೂದು ಬಿಡೂದು ನಮ್ಮ ಇಚ್ಛಾ. ಮಾಡಿದರೆ ಹೆಸರೂ ರೊಕ್ಕವೂ ಮಾಡಿದ ಕೈಗೇ ಬರಬೇಕು. ನಿಮ್ಮ ಕೈಯಾಗ ಮೊಬೈಲ್ ಐತಿ. ಮೊದಲು ನಿಮ್ಮ ಓಣಿಯ ಹಿರಿಯರ ಫೋಟೋ ತೆಗೀರಿ, ರಂಪಿ, ಉಳಿ, ಹೊಲಿಗಿ ಹೆಂಗ ಅಂತ ಕೇಳಿ, ಅವರ ಹೆಸರಿನ ಸಮೇತ ಬರೆದಿಡ್ರಿ. ನಮ್ಮ ಇತಿಹಾಸ ಬರಿಯೋರು ನಾವೇ.