ವಿಫ್ರೆಡೊ ಲಾಮ್ ಅವರ ಕುದುರೆ-ಹೆಣ್ಣು: ತುಳುನಾಡಿನಿಂದ ಒಂದು ಓದು

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರದ ಜೊತೆಗೆ ಪಂಚನಾರೀತುರಗವೂ ಇದೆ. ಐವರು ಹೆಂಗಳೆಯರು ಬಳುಕಿ, ಹೆಣೆದುಕೊಂಡು, ಒಂದು ಕುದುರೆಯಾಗಿದ್ದಾರೆ. ಕ್ಯೂಬಾದ ಚಿತ್ರಕಾರ ವಿಫ್ರೆಡೊ ಲಾಮ್ (1902–1982) ಮತ್ತೆ ಮತ್ತೆ ಬರೆದ ಕುದುರೆ-ಹೆಣ್ಣಿನ ಚಿತ್ರಗಳು ಇದನ್ನು ನೋಡುವಾಗ ನೆನಪಾಗುವುದು ಸಹಜ. ಆದರೆ ಹೋಲಿಕೆ ಮೇಲ್ನೋಟದ್ದು. ಅರಮನೆಯ ಶಿಲ್ಪಿಯದು ಜೋಡಣೆಯ ಜಾಣ್ಮೆ. ಅಲ್ಲಿ ಒಬ್ಬೊಬ್ಬಳನ್ನೂ ಬಿಡಿಸಿ ಎಣಿಸಬಹುದು. ಲಾಮ್ ಬರೆದ ಆಕೃತಿಯಲ್ಲಿ ಹೆಣ್ಣು ಎಲ್ಲಿ ಮುಗಿದು ಕುದುರೆ ಎಲ್ಲಿ ಮೊದಲಾಯಿತೆಂದು ಹೇಳಲಾಗದು. ಅವರನ್ನು ಅರಿಯಲು ಅರಮನೆಗಿಂತ ದೈವ ಮೈದುಂಬಿ ಕುಣಿಯುವ ಕೋಲದ ಅಂಗಳವೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ವಾದ.

ಲಾಮ್ ಹುಟ್ಟಿದ್ದು ಕಬ್ಬಿನ ಸೀಮೆಯಾದ ಸಾಗುವಾ ಲಾ ಗ್ರಾಂದೆಯಲ್ಲಿ. ತಂದೆ ಚೀನಾದಿಂದ ಬಂದವರು. ತಾಯಿಯದು ಆಫ್ರಿಕನ್ ಮತ್ತು ಸ್ಪ್ಯಾನಿಷ್ ಮೂಲ. ಧರ್ಮಮಾತೆ ಮಾಂತೋನಿಕಾ ವಿಲ್ಸನ್ ಆಫ್ರಿಕನ್ ಮೂಲದ ಸಾಂತೇರಿಯಾ ಪಂಥದ ಅರ್ಚಕಿ. ಒರಿಷಾ ಎಂಬ ದೈವ ಮೈಮೇಲೆ ಬಂದವರನ್ನು ಆ ಪಂಥದವರು ದೈವದ ಕುದುರೆ ಎಂದೇ ಕರೆಯುತ್ತಾರೆ. ಲಾಮ್ 1923ರಲ್ಲಿ ಸ್ಪೇನ್‌ಗೆ ಹೋದರು. 1938ರಲ್ಲಿ ಪ್ಯಾರಿಸ್ ಸೇರಿ ಪಿಕಾಸೊ ಅವರ ಸ್ನೇಹ ಗಳಿಸಿದರು. ಯುದ್ಧದ ದೆಸೆಯಿಂದ 1941ರಲ್ಲಿ ತಾಯ್ನಾಡಿಗೆ ಮರಳಿದರು. ಆಫ್ರಿಕದ ಮುಖವಾಡದಲ್ಲಿ ಪಿಕಾಸೊ ಹೊಸ ಆಕಾರ ಕಂಡಿದ್ದರು. ಲಾಮ್ ಅವರಿಗೆ ಅದು ಮನೆಯವರು ನಂಬಿದ ದೈವದ ಮೋರೆ.

1942–43ರ 'ಕಾಡು' ಸುಮಾರು 2.4 ಮೀಟರ್ ಎತ್ತರದ ಚಿತ್ರ. ಹೆಸರು ಕಾಡಾದರೂ ಒತ್ತೊತ್ತಾಗಿ ನಿಂತಿರುವುದು ಕಬ್ಬಿನ ಜಲ್ಲೆ. ಜಲ್ಲೆಗಳ ನಡುವಿನಿಂದ ಅರ್ಧಚಂದ್ರದ ಮುಖಗಳು, ದಪ್ಪ ಪಾದಗಳು; ಬಲಮೇಲ್ತುದಿಯಲ್ಲಿ ಕತ್ತರಿ ಹಿಡಿದ ಕೈ. ಕ್ಯೂಬಾದಲ್ಲಿ ಗುಲಾಮಗಿರಿ ರದ್ದಾದದ್ದು 1886ರಲ್ಲಿ, ಲಾಮ್ ಹುಟ್ಟುವುದಕ್ಕೆ ಬರೇ 16 ವರ್ಷ ಮೊದಲು. ಕಬ್ಬು ಕಡಿದ ಮೈಯೂ ದೈವದ ಮೈಯೂ ಇಲ್ಲಿ ಬೇರೆಯಲ್ಲ.

ಈ ಬೆಸುಗೆ ದೈವಗಳ ಕತೆ ಹೇಳುವ ನಮ್ಮ ತುಳು ಹಾಡುಗಳಾದ ಪಾಡ್ದನಗಳಲ್ಲಿದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಬೀರ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸ ಕಡಿಸುತ್ತಾನೆ. ಉಳಿದ ಕೈಯಲ್ಲೇ ಅವನು ಬೆಳ್ತಂಗಡಿ ಸೀಮೆಯ ವೇಣೂರಿನ ಗೊಮ್ಮಟನನ್ನೂ ಕಡೆಯುತ್ತಾನೆ. ತಂಗಿ ಕಲ್ಲುರ್ಟಿ ಅರಸನ ಮೇಲೆ ಸೇಡು ತೀರಿಸುತ್ತಾಳೆ. ಅಣ್ಣತಂಗಿ ಇಬ್ಬರೂ ದೈವಗಳಾಗುತ್ತಾರೆ. ಬಂಟ್ವಾಳದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಇಂದಿಗೂ ಕೋಲ ನಡೆಯುತ್ತದೆ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಇದನ್ನು ಪಾಡ್ದನದ ತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ: 172 ವರ್ಷಗಳ ದುಡಿಮೆಯ ನೋವನ್ನು ಅದು ಒಂದೇ ಮೈಗೆ ಇಳಿಸಿದೆ. 'ಕಾಡು' ಚಿತ್ರದ ಕಾಲವೂ ಹೀಗೆಯೇ ಮಡಚಿಕೊಂಡದ್ದು.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1945ರಲ್ಲಿ 'ಕಾಡು' ಚಿತ್ರವನ್ನು ಕೊಂಡಿತು. ಲಾಮ್ ಅವರನ್ನು ಅತಿವಾಸ್ತವವಾದದ ಪಟ್ಟಿಗೆ ಸೇರಿಸುವ ರೂಢಿ ಈಗಲೂ ಇದೆ. ಅದನ್ನು ನಾನು ಒಪ್ಪಲಾರೆ. ಅರದಾಳ ಬಳಿದ ಮುಖ, ತೆಂಗಿನ ಗರಿಯ ಸಿರಿ, ಕಾಲಿನ ಗಗ್ಗರದ ಸದ್ದಿನೊಡನೆ ದೈವ ಅಂಗಳಕ್ಕಿಳಿದು ಊರವರ ವ್ಯಾಜ್ಯ ಕೇಳುವುದನ್ನು ಕಂಡವರಿಗೆ ಲಾಮ್ ಅವರ ಆಕೃತಿಗಳು ಕನಸಿನ ತುಣುಕುಗಳಾಗಿ ತೋರುವುದಿಲ್ಲ. ಕಬ್ಬಿನ ಗದ್ದೆಯ ಲೆಕ್ಕ ಕೇಳಲು ಎದ್ದುಬಂದ ದೈವಗಳಾಗಿಯೇ ತೋರುತ್ತವೆ.