ಟ್ರ್ಯಾಕ್ಟರಿಗೆ ಸ್ವತಃ ಮಾರ್ಪಾಡು ಮಾಡುವಾಗ ಆಗುವ ಹಾನಿ: ದುರಸ್ತಿ ಮತ್ತು ಮುನ್ನೆಚ್ಚರಿಕೆ ಕ್ರಮಗಳು

ಪೀಠಿಕೆ

ರಾಯಚೂರು ಜಿಲ್ಲೆಯ ತುಂಗಭದ್ರಾ ಎಡದಂಡೆ ಹಾಗೂ ನಾರಾಯಣಪುರ ಬಲದಂಡೆ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಭತ್ತ, ಖುಷ್ಕಿ ಎರೆಭೂಮಿಯಲ್ಲಿ ಹತ್ತಿ, ತೊಗರಿ ಮತ್ತು ಜೋಳ ಪ್ರಮುಖ ಬೆಳೆಗಳಾಗಿವೆ. ಇಲ್ಲಿ ಒಂದೇ ಟ್ರ್ಯಾಕ್ಟರು ಕೆಸರುಗದ್ದೆಗೂ, ಎರೆಹೊಲಕ್ಕೂ, ಟ್ರಾಲಿ ಸಾಗಾಣಿಕೆಗೂ ಬಳಕೆಯಾಗುತ್ತದೆ. ಆದ್ದರಿಂದ ಗುಂಜಹಳ್ಳಿ, ಮಾನ್ವಿ, ದೇವದುರ್ಗ ಭಾಗದ ರೈತರಿಗೆ ಕೇಜ್ ವ್ಹೀಲ್ ಜೋಡಣೆ, ರಾತ್ರಿ ಕೆಲಸಕ್ಕೆ ಹೆಚ್ಚುವರಿ ದೀಪ, ಔಷಧಿ ಸಿಂಪಡಣಾ ಟ್ಯಾಂಕಿನ ಸ್ಟ್ಯಾಂಡ್, ಮುಂಭಾಗದ ಬಂಪರ್, ನೆರಳಿನ ಹುಡ್ ಮುಂತಾದ ಮಾರ್ಪಾಡುಗಳ ಅಗತ್ಯ ಬೀಳುವುದು ಸಹಜ. ಇವುಗಳಲ್ಲಿ ಹೆಚ್ಚಿನವು ಮನೆಯಂಗಳದಲ್ಲಿ ಅಥವಾ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ನಡೆಯುತ್ತವೆ.

ಇಂತಹ ಕೆಲಸದಲ್ಲಿ ಡ್ರಿಲ್ ಒಂದು ಅಂಗುಲ ಆಚೆ ಸರಿದರೆ ವೈರು ತುಂಡಾಗಬಹುದು, ಟ್ಯಾಂಕು ತೂತಾಗಬಹುದು. ಆಕಸ್ಮಿಕವಾಗಿ ಆದ ಹಾನಿ ಬಹುಮಟ್ಟಿಗೆ ಚಿಕ್ಕದೇ ಇರುತ್ತದೆ. ನಾಟಿಯ ಅವಸರದಲ್ಲಿ ಅದನ್ನು ತೇಪೆ ಹಾಕಿ ಮುಚ್ಚಿ ಟ್ರ್ಯಾಕ್ಟರು ಓಡಿಸಿದಾಗಲೇ ಅದು ಬೆಂಕಿ, ಬ್ರೇಕ್ ವೈಫಲ್ಯ ಅಥವಾ ಪ್ರಾಣಾಪಾಯವಾಗಿ ಬೆಳೆಯುತ್ತದೆ. ಯಾವ ಹಾನಿಯನ್ನು ತಾವೇ ಸರಿಪಡಿಸಬಹುದು, ಯಾವುದನ್ನು ಮುಟ್ಟದೆ ನುರಿತ ಮೆಕ್ಯಾನಿಕ್‌ಗೆ ಒಪ್ಪಿಸಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಹಾನಿಯಾದ ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

1. ಕೆಲಸ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕೀಲಿ ತೆಗೆಯಿರಿ. ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಅಥವಾ ಮರದ ದಿಮ್ಮಿ ಒತ್ತು ಕೊಡಿ.
2. ಎತ್ತಿರುವ ಉಪಕರಣವನ್ನು ನೆಲಕ್ಕೆ ಇಳಿಸಿ.
3. ಬ್ಯಾಟರಿಯ ಋಣ (−) ತಂತಿಯನ್ನು ಮೊದಲು, ಧನ (+) ತಂತಿಯನ್ನು ನಂತರ ಬಿಚ್ಚಿ. ಮರುಜೋಡಿಸುವಾಗ ಋಣ ತಂತಿ ಕೊನೆಯಲ್ಲಿರಲಿ.
4. ಡೀಸೆಲ್ ಅಥವಾ ಎಣ್ಣೆ ಸೋರುತ್ತಿದ್ದರೆ ಬೀಡಿ, ಸಿಗರೇಟು, ಗ್ರೈಂಡರ್, ವೆಲ್ಡಿಂಗ್ ಯಾವುದೂ ಹತ್ತಿರ ಸುಳಿಯಬಾರದು. ಡೀಸೆಲ್ ಬೆಂಕಿಗೆ ನೀರು ಹಾಕಬಾರದು. ಒಣ ಪುಡಿಯ ಅಗ್ನಿಶಾಮಕ ಅಥವಾ ಮರಳು ಬಳಸಬೇಕು.
5. ಹಾನಿಯಾದ ಭಾಗದ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ. ವಿಮೆ ಮತ್ತು ವಾರಂಟಿ ವಿಚಾರದಲ್ಲಿಯೂ, ಮೆಕ್ಯಾನಿಕ್‌ಗೆ ವಿವರಿಸುವಾಗಲೂ ಇದು ನೆರವಾಗುತ್ತದೆ.

ಭಾಗವಾರು ದುರಸ್ತಿ

ಅ) ವಿದ್ಯುತ್ ತಂತಿಗಳು

ಹೆಚ್ಚುವರಿ ದೀಪ ಕೂರಿಸಲು ಮಡ್‌ಗಾರ್ಡ್ ಕೊರೆಯುವಾಗ ಅದರ ಒಳಬದಿಯ ವೈರುಗಳು ತುಂಡಾಗುವುದು ಅತಿ ಸಾಮಾನ್ಯ ಹಾನಿಯಾಗಿದೆ. ಇದನ್ನು ತಾವೇ ಸರಿಪಡಿಸಬಹುದು. ಬ್ಯಾಟರಿ ಬಿಚ್ಚಿದ ನಂತರ ತುಂಡಾದ ತುದಿಗಳ ಹೊದಿಕೆಯನ್ನು 10 ರಿಂದ 12 ಮಿ.ಮೀ. ಸುಲಿದು, ಅದೇ ದಪ್ಪದ ತಾಮ್ರದ ವೈರಿನಿಂದ ಕ್ರಿಂಪ್ ಅಥವಾ ಸೋಲ್ಡರ್ ಜೋಡಣೆ ಮಾಡಿ. ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಿ. ಬರಿಯ ತಿರುಚಿ ಟೇಪ್ ಸುತ್ತಿದ ಜೋಡಣೆಯು ಕೆಸರಿನ ತೇವ ಮತ್ತು ಕಂಪನಕ್ಕೆ ಸಡಿಲಗೊಂಡು ಬಿಸಿಯಾಗುತ್ತದೆ. ತೂತಿನ ಅಂಚಿಗೆ ರಬ್ಬರ್ ಬುಶ್ ಹಾಕದಿದ್ದರೆ ಅದೇ ಜಾಗದಲ್ಲಿ ವೈರು ಮತ್ತೆ ಸವೆಯುತ್ತದೆ.

ಸುಟ್ಟ ಫ್ಯೂಸ್ ಬದಲಿಗೆ ತಂತಿಯ ತುಂಡು ಹಾಕಬಾರದು. ಉದಾಹರಣೆಗೆ 12 ವೋಲ್ಟ್ ವ್ಯವಸ್ಥೆಯಲ್ಲಿ 55 ವ್ಯಾಟ್‌ನ 2 ದೀಪಗಳು ಸುಮಾರು 9.2 ಆಂಪಿಯರ್ ವಿದ್ಯುತ್ ಎಳೆಯುತ್ತವೆ. ಇವುಗಳಿಗೆ 2.5 ಚ.ಮಿ.ಮೀ. ತಾಮ್ರದ ವೈರು, 15 ಆಂಪಿಯರ್ ಫ್ಯೂಸ್ ಹಾಗೂ ಪ್ರತ್ಯೇಕ ರಿಲೇ ಇರಬೇಕು. ಮೂಲ ಹೆಡ್‌ಲೈಟ್ ವೈರಿನಿಂದಲೇ ಎಳೆ ತೆಗೆದರೆ ಆ ವೈರು ಕಾದು ಕರಗುವ ಅಪಾಯವಿದೆ.

ಆ) ವೆಲ್ಡಿಂಗ್‌ನಿಂದ ಆಗುವ ಹಾನಿ

ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿದಾಗ ಆಲ್ಟರ್ನೇಟರ್ ಒಳಗಿನ ಡಯೋಡ್‌ಗಳು ಸುಡಬಹುದು. ಎಂಜಿನ್ ಚಾಲೂ ಮಾಡಿದ ನಂತರವೂ ಚಾರ್ಜಿಂಗ್ ದೀಪ ಆರದಿದ್ದರೆ ಇದನ್ನು ಶಂಕಿಸಿ. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಂತ್ರಣ ಮಾನದಂಡ ಜಾರಿಗೆ ಬಂದಿದ್ದು, ಅವುಗಳಲ್ಲಿ ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವಿರುತ್ತದೆ. ವೆಲ್ಡಿಂಗ್‌ಗೆ ಮುನ್ನ ಈ ಘಟಕದ ಹಾಗೂ ಆಲ್ಟರ್ನೇಟರಿನ ಸಂಪರ್ಕವನ್ನೂ ಬಿಚ್ಚಬೇಕು. ಸುಟ್ಟರೆ ದುರಸ್ತಿ ಅಧಿಕೃತ ಸೇವಾ ಕೇಂದ್ರದಲ್ಲಿಯೇ ಆಗಬೇಕು.

ವೆಲ್ಡಿಂಗ್ ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗಕ್ಕೆ ಅತಿ ಸಮೀಪದಲ್ಲಿ ಹಾಕಿ. ದೂರ ಹಾಕಿದರೆ ವಿದ್ಯುತ್ತು ಬೇರಿಂಗ್ ಮತ್ತು ಹೈಡ್ರಾಲಿಕ್ ಸಿಲಿಂಡರುಗಳ ಮೂಲಕ ಹರಿದು ಅವುಗಳ ನುಣುಪು ಮೈಯನ್ನು ಕೆಡಿಸುತ್ತದೆ.

ಇ) ಗಾಲಿಯ ರಿಮ್

ಭತ್ತದ ಪ್ರದೇಶದಲ್ಲಿ ವಿಶೇಷ ಗಮನ ಬೇಡುವ ವಿಷಯ ಇದು. ಕೇಜ್ ವ್ಹೀಲ್ ಕೂರಿಸಲು ರಿಮ್‌ಗೆ ಕೊಂಡಿ ಬೆಸೆಯುವಾಗ, ಅಥವಾ ಹಾಗೆ ಬೆಸೆದಾಗ ಆದ ಬಿರುಕನ್ನು ಮತ್ತೆ ವೆಲ್ಡ್ ಮಾಡುವಾಗ, ಟೈರು ರಿಮ್ ಮೇಲೆಯೇ ಇದ್ದರೆ ಅದು ಸ್ಫೋಟಿಸಿ ಹತ್ತಿರವಿದ್ದವರ ಪ್ರಾಣ ತೆಗೆಯಬಹುದು. ಶಾಖಕ್ಕೆ ಟೈರಿನ ಒಳಮೈಯ ರಬ್ಬರ್ ಕಾದು ಉರಿಯುವ ಅನಿಲ ಹೊರಬರುವುದೇ ಇದಕ್ಕೆ ಕಾರಣ. ಗಾಳಿ ಬಿಟ್ಟರೆ ಸಾಕು ಎಂಬ ನಂಬಿಕೆ ತಪ್ಪು. ಗಾಳಿ ತೆಗೆದ ಟೈರಿನಲ್ಲಿಯೂ ಈ ಅಪಾಯವಿದೆ. ಟೈರನ್ನು ರಿಮ್‌ನಿಂದ ಪೂರ್ತಿ ಕಳಚದೆ ಯಾವ ಶಾಖದ ಕೆಲಸವನ್ನೂ ಮಾಡಬಾರದು.

ಬಿರುಕು ಬಿಟ್ಟ ರಿಮ್ಮನ್ನು ಬದಲಾಯಿಸುವುದೇ ಸರಿಯಾದ ಕ್ರಮ. ಮರೆ ಸವೆದ ವ್ಹೀಲ್ ಬೋಲ್ಟ್ ಇದ್ದರೆ ನಟ್ಟನ್ನು ಬೆಸೆದು ಕೂರಿಸದೆ ಹೊಸ ಬೋಲ್ಟ್ ಹಾಕಿ. ಗಾಲಿ ಕಳಚಿ ಜೋಡಿಸಿದ ಮೇಲೆ ಒಂದು ಗಂಟೆ ಕೆಲಸದ ನಂತರ, ಹಾಗೆಯೇ ಮುಂದಿನ ಎರಡು-ಮೂರು ದಿನ ನಟ್‌ಗಳ ಬಿಗಿತವನ್ನು ಪರೀಕ್ಷಿಸಿ.

ಈ) ಡೀಸೆಲ್ ಟ್ಯಾಂಕ್ ಮತ್ತು ರೇಡಿಯೇಟರ್

ತೂತಾದ ಡೀಸೆಲ್ ಟ್ಯಾಂಕನ್ನು ಖಾಲಿ ಮಾಡಿದರೂ ಒಳಗೆ ಆವಿ ಉಳಿದಿರುತ್ತದೆ. ಅದನ್ನು ಸ್ವತಃ ವೆಲ್ಡ್ ಮಾಡಬಾರದು. ಟ್ಯಾಂಕಿಗೆಂದೇ ದೊರೆಯುವ ಎಪಾಕ್ಸಿ ಅಂಟು ತಾತ್ಕಾಲಿಕ ಉಪಾಯ ಮಾತ್ರ. ಅನಂತರ ಟ್ಯಾಂಕು ಬದಲಾಯಿಸಿ. ಬಂಪರ್ ಬೋಲ್ಟ್ ತಾಗಿ ರೇಡಿಯೇಟರ್ ಸೋರಿದರೆ ಎಂಜಿನ್ ಆರುವವರೆಗೆ ಮುಚ್ಚಳ ತೆಗೆಯಬಾರದು. ನೀರು ತುಂಬಿಸುತ್ತಾ ಓಡಿಸಿದರೆ ಎಂಜಿನ್ ವಿಪರೀತ ಕಾದು ಹೆಡ್ ಗ್ಯಾಸ್ಕೆಟ್ ಹಾಳಾಗುತ್ತದೆ. ಆದ್ದರಿಂದ ರೇಡಿಯೇಟರನ್ನು ಕಳಚಿ ದುರಸ್ತಿಗೆ ಕೊಡಿ.

ಉ) ಹೈಡ್ರಾಲಿಕ್ ಕೊಳವೆ

ಚುಚ್ಚಿದ ಅಥವಾ ಜಜ್ಜಿದ ಕೊಳವೆಗೆ ರಬ್ಬರ್ ಟ್ಯೂಬ್ ಸುತ್ತಿ ಕ್ಲಾಂಪ್ ಹಾಕುವುದು ನಿಷ್ಪ್ರಯೋಜಕ. ಅದೇ ಒತ್ತಡಕ್ಕೆ ತಯಾರಾದ ಹೊಸ ಕೊಳವೆಯನ್ನೇ ಹಾಕಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಿ. ಒತ್ತಡದ ಎಣ್ಣೆ ಚರ್ಮದೊಳಗೆ ನುಗ್ಗಿದರೆ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಅದು ಶಸ್ತ್ರಚಿಕಿತ್ಸೆ ಬೇಡುವ ತುರ್ತು ಸ್ಥಿತಿ; ತಡಮಾಡದೆ ಆಸ್ಪತ್ರೆಗೆ ಹೋಗಿ, ಎಣ್ಣೆ ಒಳಸೇರಿದ ಸಂಗತಿಯನ್ನು ವೈದ್ಯರಿಗೆ ತಿಳಿಸಿ.

ಊ) ಗೇರ್ ಪೆಟ್ಟಿಗೆ ಮತ್ತು ಹಿಂಬದಿ ಆಕ್ಸಲ್ ಹೌಸಿಂಗ್

ಈ ಭಾಗಗಳು ಎರಕದ ಕಬ್ಬಿಣದವು. ಸಾಮಾನ್ಯ ವೆಲ್ಡಿಂಗ್ ಕಡ್ಡಿಯಿಂದ ಬೆಸೆದರೆ ಪಕ್ಕದಲ್ಲಿಯೇ ಹೊಸ ಬಿರುಕು ಬಿಡುತ್ತವೆ. ನಿಕ್ಕೆಲ್ ಕಡ್ಡಿ ಮತ್ತು ಪೂರ್ವತಾಪನದ ಅನುಭವವುಳ್ಳ ಕುಶಲಕರ್ಮಿಗೆ ಮಾತ್ರ ಇದನ್ನು ಕೊಡಬೇಕು. ಸ್ಟ್ಯಾಂಡ್ ಕೂರಿಸಲು ಹೊಸ ತೂತು ಕೊರೆಯದೆ, ತಯಾರಕರು ಒದಗಿಸಿದ ಬೋಲ್ಟ್ ತೂತುಗಳನ್ನೇ ಬಳಸಿ. ಬೋಲ್ಟ್ ತೂತಿನ ಮರೆ ಕಿತ್ತುಹೋಗಿದ್ದರೆ ಅಳತೆಗೆ ತಕ್ಕ ಮರೆಸುರುಳಿಯನ್ನು ಕೂರಿಸಬಹುದು. ಕೊರೆದ ಲೋಹದ ಚೂರು ಒಳಗೆ ಬಿದ್ದಿರುವ ಶಂಕೆಯಿದ್ದರೆ ಎಂಜಿನ್ ಚಾಲೂ ಮಾಡಬೇಡಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಮತ್ತು ಹೈಡ್ರಾಲಿಕ್ಸ್‌ಗೆ ಒಂದೇ ಎಣ್ಣೆ ಬಳಕೆಯಾಗುವುದರಿಂದ ಆ ಚೂರು ಪಂಪನ್ನೂ ಹಾಳುಮಾಡುತ್ತದೆ. ಎಣ್ಣೆಯನ್ನು ಪೂರ್ತಿ ಇಳಿಸಿ, ಸ್ವಚ್ಛಗೊಳಿಸಿ, ಫಿಲ್ಟರ್ ಬದಲಾಯಿಸಿ.

ಸ್ವತಃ ದುರಸ್ತಿ ಮಾಡಬಾರದ ಭಾಗಗಳು

• ಬ್ರೇಕ್ ಮತ್ತು ಸ್ಟಿಯರಿಂಗ್ ಜೋಡಣೆ
• ಟ್ರ್ಯಾಕ್ಟರು ಮಗುಚಿದಾಗ ಚಾಲಕರನ್ನು ರಕ್ಷಿಸುವ ಕಮಾನು. ಇದನ್ನು ಕೊರೆದರೆ ಅಥವಾ ಬೆಸೆದರೆ ಅದರ ಬಲ ಕುಗ್ಗುತ್ತದೆ, ಹಾನಿಯಾದರೆ ಬದಲಾಯಿಸಬೇಕು.
• ಟ್ರಾಲಿ ಎಳೆಯುವ ಕೊಂಡಿ ಮತ್ತು ಅದರ ಪಿನ್ನು
• ಡೀಸೆಲ್ ಇಂಜೆಕ್ಷನ್ ಪಂಪ್ ಹಾಗೂ ಅಧಿಕ ಒತ್ತಡದ ಕೊಳವೆಗಳು

ದುರಸ್ತಿಯ ನಂತರದ ಪರೀಕ್ಷೆ

ಬ್ಯಾಟರಿ ಜೋಡಿಸಿ ದೀಪ, ಹಾರ್ನ್, ಚಾರ್ಜಿಂಗ್ ಸೂಚಕಗಳನ್ನು ನೋಡಿ. ಎಂಜಿನ್ನನ್ನು 10 ನಿಮಿಷ ನಿಧಾನಗತಿಯಲ್ಲಿ ಓಡಿಸಿ, ಬಂದ್ ಮಾಡಿ, ಸೋರಿಕೆ ಹಾಗೂ ಸುಟ್ಟ ವಾಸನೆ ಇದೆಯೇ ಎಂದು ಪರೀಕ್ಷಿಸಿ. ಖಾಲಿ ಹೊಲದಲ್ಲಿ ಬ್ರೇಕ್ ಪರೀಕ್ಷಿಸಿದ ನಂತರವೇ ಭಾರ ಹೇರಿ. ಮೊದಲ ದಿನ ಟ್ರಾಲಿಯನ್ನು ರಸ್ತೆಗೆ ಒಯ್ಯದಿರುವುದು ಒಳಿತು.

ಕಾನೂನು, ವಾರಂಟಿ ಮತ್ತು ವಿಮೆ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ವಾರಂಟಿ ಅವಧಿಯಲ್ಲಿ ಕೊರೆಯುವ ಅಥವಾ ಬೆಸೆಯುವ ಮುನ್ನ ಮಾರಾಟಗಾರರನ್ನು ವಿಚಾರಿಸಿ. ವಿಮಾ ಪರಿಹಾರ ಕೋರುವುದಾದರೆ ದುರಸ್ತಿಗೆ ಮೊದಲೇ ಕಂಪನಿಗೆ ತಿಳಿಸಿ. ಕೆಲವೇ ದಿನಗಳ ಕೆಲಸಕ್ಕಾಗಿ ಸ್ವಂತ ಟ್ರ್ಯಾಕ್ಟರನ್ನು ಮಾರ್ಪಡಿಸುವ ಬದಲು ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಿಂದ ಸೂಕ್ತ ಯಂತ್ರ ಪಡೆಯುವುದನ್ನೂ ಪರಿಶೀಲಿಸಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮಾರ್ಪಾಡಿನ ನಿರ್ಧಾರ ಬಹುತೇಕ ವೆಲ್ಡಿಂಗ್ ಅಂಗಡಿಯ ಮುಂದೆಯೇ ಆಗುವುದರಿಂದ ಗ್ರಾಮದ ವೆಲ್ಡರ್ ಮತ್ತು ಮೆಕ್ಯಾನಿಕ್‌ಗಳನ್ನೂ ತರಬೇತಿಗೆ ಆಹ್ವಾನಿಸಿ. ಭತ್ತದ ನಾಟಿಗೆ ಸಾಕಷ್ಟು ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಈ ಕಾರ್ಯಕ್ರಮ ಏರ್ಪಡಿಸಿ. “ಟೈರು ಕಳಚದೆ ರಿಮ್ ಬೆಸೆಯಬೇಡಿ”, “ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಬೇಡ” ಎಂಬ ಎರಡು ಸಾಲುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಪ್ರತಿ ವೆಲ್ಡಿಂಗ್ ಅಂಗಡಿಯಲ್ಲಿ ತೂಗುಹಾಕಿಸುವುದು ಉಪಯುಕ್ತ.